90 ಸೆಂಟಿನ ಓವಲ್ ವಜ್ರ, ಜೊತೆಗೊಂದು ಆಸೆಟ್ ಸ್ಕೋಪ್: ಬಳಸಿ ನೋಡಿ ಬರೆದದ್ದು

90 ಸೆಂಟಿನ, ಅಂದರೆ 0.90 ಕ್ಯಾರಟ್ ತೂಕದ ಕಲ್ಲಿಗೆ ಐದಕ್ಕೆ ನಾಲ್ಕೂವರೆ. ಅದನ್ನು ಆರಿಸಲು ಬಳಸಿದ, ಕಲ್ಲಿಗೆ ಬೆಳಕು ಎಲ್ಲಿಂದ ಬರುತ್ತದೆ ಅಂತ ತೋರಿಸುವ ಆಸೆಟ್ ಸ್ಕೋಪಿಗೆ ನಾಲ್ಕು. ಉಂಗುರ ಮಾಡಿಕೊಟ್ಟ ಅಂಗಡಿಗೆ ಮೂರೂವರೆ. ಅಂಗಡಿ ಹೆಸರು ಬರೆಯುವುದಿಲ್ಲ. ನಾವು ತಂದ ಕಲ್ಲು ಇದ್ದ ಟ್ರೇಯಲ್ಲೇ, ಅದರ ಪಕ್ಕದಲ್ಲೇ, ನಾನು ಯಾರಿಗೂ ಕೊಳ್ಳಿ ಅನ್ನಲಾರದ ಎರಡು ಕಲ್ಲುಗಳಿದ್ದವು. ಹೆಸರು ನಂಬಿಕೊಂಡು ಹೋದರೆ ನಿಮ್ಮ ಕೈಗೆ ಯಾವುದು ಬರುತ್ತದೋ ಹೇಳಲಾಗದು. ಅದಕ್ಕೇ ಅಂಗಡಿಗಿಂತ ಕಲ್ಲಿನ ಬಗ್ಗೆ ಬರೆಯುವುದು ವಾಸಿ ಅನ್ನಿಸಿತು.

ನಾನು ಮೈಸೂರಿನಲ್ಲಿ ಮದುವೆ ಫೋಟೊ ತೆಗೆಯುವವನು. ಒಡವೆ ವ್ಯಾಪಾರ ನನ್ನ ಕಸುಬಲ್ಲ. ಆದರೆ ಮುಹೂರ್ತಕ್ಕೆ ಮುಂಚೆ ಹುಡುಗಿಯ ಉಂಗುರ, ಓಲೆ, ಮೂಗುಬೊಟ್ಟು ಎಲ್ಲವನ್ನೂ ಒಂದು ಬಿಳಿ ಬಟ್ಟೆ ಮೇಲಿಟ್ಟು ಮ್ಯಾಕ್ರೊ ಲೆನ್ಸಿನಲ್ಲಿ ತೆಗೆಯುವುದು ನನ್ನ ಕೆಲಸದಲ್ಲೇ ಸೇರಿದೆ. ರೌಂಡ್ ಕಲ್ಲನ್ನು ಹೇಗಿಟ್ಟರೂ ಫೋಟೊ ಬರುತ್ತದೆ. ಓವಲ್ (ಮೊಟ್ಟೆಯಾಕಾರ), ಪೇರ್ (ಹನಿಯಾಕಾರ), ಮಾರ್ಕೀಸ್ (ಎರಡೂ ತುದಿ ಚೂಪು) ಬಂದರೆ ಶುರುವಾಯಿತು ಒದ್ದಾಟ. ಕಲ್ಲಿನ ನಟ್ಟನಡುವೆ ಅಡ್ಡಡ್ಡವಾಗಿ ಕಪ್ಪು ಪಟ್ಟೆ. ದೀಪ ಎತ್ತರಿಸಿದರೂ ಹೋಗದು, ತಗ್ಗಿಸಿದರೂ ಹೋಗದು. ಕೆಲವು ಕಲ್ಲುಗಳಲ್ಲಿ ಮಾತ್ರ ಆ ಪಟ್ಟೆ ಇದ್ದೂ ಇಲ್ಲದಂತೆ ಇರುತ್ತದೆ. ಯಾಕೆ ಹೀಗೆ ಅಂತ ಕೇಳುತ್ತಾ ಹೋಗಿಯೇ ನನಗೆ ವಜ್ರದ ಕಟ್, ಅಂದರೆ ಸಾಣೆ ಹಿಡಿದು ಕಲ್ಲಿಗೆ ಮುಖ, ಕೋನ ಕೊಡುವ ಬಗೆ, ಅದರ ಬಗ್ಗೆ ಹುಚ್ಚು ಹಿಡಿದದ್ದು.

ಅಕ್ಕನ ಮಗಳು ಪುಟ್ಟಿಗೆ ನಿಶ್ಚಿತಾರ್ಥ ಗೊತ್ತಾಯಿತು. ಅವಳಿಗೆ ಓವಲ್ ಕಲ್ಲೇ ಬೇಕು. ಬೆರಳು ಉದ್ದ ಕಾಣುತ್ತದಂತೆ. ಅಕ್ಕ ಫೋನ್ ಮಾಡಿದಳು: "ಬೆಳಕು ಗಿಳಕು ಎಲ್ಲ ನಿಂಗೆ ಗೊತ್ತಲ್ವಾ, ನೀನೂ ಬಾ. ಇವಳು ಹೊಳೆಯೋದನ್ನೆಲ್ಲ ಚೆನ್ನಾಗಿದೆ ಅಂತಾಳೆ."

ಮೊದಲು ಹೋದದ್ದು ಬೆಂಗಳೂರಿನ ಒಂದು ಮಾಲಿನ ದೊಡ್ಡ ಮಳಿಗೆಗೆ. ಕೌಂಟರಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಎಲ್‌ಇಡಿ ದೀಪಗಳು. ಕೈ ಅಲ್ಲಾಡಿಸಿದರೆ ಸಾಕು, ಟ್ರೇ ತುಂಬ ಮಿಣಮಿಣ. ಅಂಥ ದೀಪದ ಕೆಳಗೆ ಸೋಡಾ ಬಾಟಲಿಯ ಚೂರೂ ಹೊಳೆಯುತ್ತದೆ. ಸೇಲ್ಸ್ ಹುಡುಗ ಒಂದು ಓವಲ್ ಎತ್ತಿ ಹೇಳಿದ: "ಜಿಐಎ ಸರ್ಟಿಫೈಡ್ ಸಾರ್. ಟ್ರಿಪಲ್ ಎಕ್ಸಲೆಂಟ್."

ಅಲ್ಲಿಂದ ಎದ್ದು ಬರಲು ಅದೊಂದೇ ಮಾತು ಸಾಕಾಯಿತು. ಜಿಐಎ ಅಂದರೆ ವಜ್ರಗಳನ್ನು ಪರೀಕ್ಷಿಸಿ ರಿಪೋರ್ಟ್ ಕೊಡುವ ಅಮೆರಿಕದ ಸಂಸ್ಥೆ. ಜಿಐಎ ಓವಲ್‌ಗೆ ಟ್ರಿಪಲ್ ಎಕ್ಸಲೆಂಟ್ ಕೊಡುವುದೇ ಇಲ್ಲ. ಮೂರು ಎಕ್ಸಲೆಂಟ್ ಅಂದರೆ ಕಟ್, ಪಾಲಿಶ್, ಸಿಮೆಟ್ರಿ. ಇದರಲ್ಲಿ ಕಟ್ ದರ್ಜೆಯನ್ನು ಜಿಐಎ 2006ರಿಂದ ಕೊಡುತ್ತಿದೆ, ಅದೂ ರೌಂಡ್ ಬ್ರಿಲಿಯಂಟ್ ಕಲ್ಲಿಗೆ ಮಾತ್ರ. ಓವಲ್, ಪೇರ್, ಕುಶನ್, ಎಮರಾಲ್ಡ್ ಕಟ್, ಪ್ರಿನ್ಸೆಸ್ ಯಾವುದೇ ಇರಲಿ, ಅವರ ರಿಪೋರ್ಟಿನಲ್ಲಿ ಕಟ್ ದರ್ಜೆಯ ಸಾಲೇ ಇರುವುದಿಲ್ಲ. ಪಾಲಿಶ್ ಎಕ್ಸಲೆಂಟ್ ಅಂದರೆ ಮೇಲ್ಮೈ ನಯವಾಗಿದೆ ಅಂತ. ಸಿಮೆಟ್ರಿ ಎಕ್ಸಲೆಂಟ್ ಅಂದರೆ ಮುಖಗಳು ಒಂದಕ್ಕೊಂದು ಸರಿಯಾಗಿ ಕೂತಿವೆ ಅಂತ. ಒಳಗೆ ಹೋದ ಬೆಳಕು ವಾಪಸ್ ಕಣ್ಣಿಗೆ ಬರುತ್ತದೋ, ತಳದಿಂದ ಸೋರಿಹೋಗುತ್ತದೋ ಅನ್ನುವ ಬಗ್ಗೆ ಆ ಎರಡು ಎಕ್ಸಲೆಂಟ್‌ಗಳು ಏನೂ ಹೇಳುವುದಿಲ್ಲ. ಮಂಕು ಕಲ್ಲಿಗೂ ಎರಡೂ ಸಿಗಬಹುದು.

ಹುಡುಗನನ್ನು ಬೈಯಲಿಲ್ಲ. ಅವನಿಗೆ ಹೇಳಿಕೊಟ್ಟದ್ದನ್ನು ಅವನು ಹೇಳಿದ.

ರೌಂಡ್‌ಗೆ ಯಾಕೆ ದರ್ಜೆ ಇದೆ, ಇದಕ್ಕೆ ಯಾಕಿಲ್ಲ? ರೌಂಡ್ ಕಲ್ಲಿನ ಲೆಕ್ಕ ಹೆಚ್ಚುಕಡಿಮೆ ನೂರು ವರ್ಷ ಹಳೆಯದು. 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ಅನ್ನುವವರು ಬೆಳಕಿನ ಲೆಕ್ಕ ಹಾಕಿ, ಮೇಲಿನ ಇಳಿಜಾರು 34.5 ಡಿಗ್ರಿ, ತಳದ ಇಳಿಜಾರು 40.75 ಡಿಗ್ರಿ ಇದ್ದರೆ ಚೆನ್ನ ಅಂತ ತೋರಿಸಿದರು. ದುಂಡಗಿನ ಕಲ್ಲಿನಲ್ಲಿ ಸುತ್ತಲೂ ಒಂದೇ ಕೋನ ಇಡಬಹುದು. ಓವಲ್‌ನಲ್ಲಿ ಆಗದು. ಉದ್ದ ಬೇರೆ, ಅಗಲ ಬೇರೆ, ಆದರೆ ತಳದ ತುದಿ ಒಂದೇ. ಅಗಲದ ಕಡೆ ಗೋಡೆ ಕಡಿದಾಗುತ್ತದೆ, ಉದ್ದದ ಕಡೆ ತಗ್ಗಾಗುತ್ತದೆ. ಈಗಿನ ಓವಲ್ ಬ್ರಿಲಿಯಂಟ್ ಕಟ್ ಬಂದದ್ದೇ 1957ರಲ್ಲಿ, ಲಜಾರ್ ಕಪ್ಲಾನ್ ಅನ್ನುವ ಕುಶಲಿಯಿಂದ. ಸೂರತ್ತಿನಲ್ಲಿ ಕೂತು ವಜ್ರ ಕಟ್ ಮಾಡುವವನು ಕಚ್ಚಾ ಕಲ್ಲಿನ ಆಕಾರ ನೋಡಿ, ತೂಕ ಎಷ್ಟು ಉಳಿಸಬಹುದು ಅಂತ ಲೆಕ್ಕ ಹಾಕಿ ಸಾಣೆ ಹಿಡಿಯುತ್ತಾನೆ. ಉದ್ದನೆಯ ಕಚ್ಚಾ ಕಲ್ಲನ್ನು ರೌಂಡ್ ಮಾಡಿದರೆ ಅರ್ಧಕ್ಕಿಂತ ಜಾಸ್ತಿ ಪುಡಿಯಾಗಿ ಹೋಗುತ್ತದೆ. ಓವಲ್ ಮಾಡಿದರೆ ಉಳಿಯುತ್ತದೆ. ಅದಕ್ಕೇ ಓವಲ್ ರೌಂಡ್‌ಗಿಂತ ಅಗ್ಗ. ಆ ಉಳಿತಾಯದ ಆಸೆಯೇ ಎಷ್ಟೋ ಸಲ ಹೊಳಪನ್ನು ತಿನ್ನುವುದು.

ಇಲ್ಲಿ ಸ್ಕೋಪಿನ ಮಾತು ಬರುತ್ತದೆ. ಅಮೆರಿಕನ್ ಜೆಮ್ ಸೊಸೈಟಿಯ ಲ್ಯಾಬ್ ರೂಪಿಸಿದ ಸಲಕರಣೆ ಅದು. (ಆ ಲ್ಯಾಬ್ 2022ರ ಕೊನೆಗೆ ಜಿಐಎ ಜೊತೆ ಸೇರಿಕೊಂಡಿತು.) ನನ್ನ ಹತ್ತಿರ ಇರುವುದು ಕೈಯಲ್ಲಿ ಹಿಡಿಯುವ ಚಿಕ್ಕ ಮಾದರಿ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಕೊಳವೆ. ಮೇಲೆ ಕಣ್ಣಿಡಲು ಭೂತಗನ್ನಡಿ, ಒಳಗೆ ಬಣ್ಣ. ಕಲ್ಲಿನ ಮೇಲೆ ಕವುಚಿ ನೋಡಿದರೆ ಕಲ್ಲಿನ ಒಂದೊಂದು ಮುಖವೂ ತಾನು ಎಲ್ಲಿಂದ ಬೆಳಕು ತರುತ್ತಿದೆ ಅನ್ನುವುದನ್ನು ಬಣ್ಣದಲ್ಲಿ ತೋರಿಸುತ್ತದೆ. ಕೆಂಪು ಅಂದರೆ 45ರಿಂದ 75 ಡಿಗ್ರಿ ಎತ್ತರದಿಂದ ಬರುವ ಬೆಳಕು. ಒಳ್ಳೆಯ ಬೆಳಕು ಅಂದರೆ ಇದೇ, ಚಾವಣಿಯ ದೀಪ, ಕಿಟಕಿಯ ಮೇಲ್ಭಾಗ ಎಲ್ಲ ಇಲ್ಲೇ ಇರುತ್ತವೆ. ಹಸಿರು ಅಂದರೆ ಅದಕ್ಕಿಂತ ಕೆಳಗಿನ, ಗೋಡೆ ಪಕ್ಕದ ಬೆಳಕು. ನೀಲಿ ಅಂದರೆ ನೆತ್ತಿ ಮೇಲಿನ ಜಾಗ, ಅಂದರೆ ನೋಡುವವರ ತಲೆ ಇರುವ ಜಾಗ. ಅಲ್ಲಿಂದ ಬೆಳಕು ಬರುವುದಿಲ್ಲ, ತಲೆ ಅಡ್ಡ ಇದೆ. ಕಲ್ಲಿನ ತಳಕ್ಕೆ ಬಿಳಿ ಬೆಳಕಿಟ್ಟಿದ್ದರೆ, ಬಿಳಿ ಕಂಡ ಕಡೆಯೆಲ್ಲ ಸೋರಿಕೆ. ಉಂಗುರಕ್ಕೆ ಕೂರಿಸಿಬಿಟ್ಟ ಕಲ್ಲಾದರೆ ಸೋರಿಕೆ ಕಪ್ಪಾಗಿ ಕಾಣುತ್ತದೆ.

ಅಶೋಕ ರಸ್ತೆಯಲ್ಲಿ ನನಗೆ ಪರಿಚಯದ ಒಂದು ಅಂಗಡಿಯಿದೆ. ಅವರ ಮನೆಯ ಮದುವೆಗೆ ನಾನೇ ಫೋಟೊ ತೆಗೆದದ್ದು. ಯಜಮಾನರು ಸ್ಕೋಪ್ ನೋಡಿ ನಕ್ಕರು. "ಏನ್ ಸಾರ್, ಡಾಕ್ಟ್ರ ಥರ ಬಂದಿದೀರಾ?" ಆದರೆ ಬೇಡ ಅನ್ನಲಿಲ್ಲ. ಬಿಡಿ ಕಲ್ಲು, ಅಂದರೆ ಇನ್ನೂ ಉಂಗುರಕ್ಕೆ ಕೂರಿಸದ ಕಲ್ಲುಗಳನ್ನೇ ತೋರಿಸಿ ಅಂದೆ. ಮೂರು ಓವಲ್ ಬಂದವು. ಮೂರಕ್ಕೂ ಜಿಐಎ ರಿಪೋರ್ಟ್ ಇತ್ತು. ರಿಪೋರ್ಟ್ ನಂಬರನ್ನು ಜಿಐಎ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ. ಕಲ್ಲಿನ ಸೊಂಟದ ಸುತ್ತ ಲೇಸರಿನಲ್ಲಿ ಕೆತ್ತಿದ ನಂಬರನ್ನೂ ಲೂಪ್ (ಒಡವೆಯವರ ಪುಟ್ಟ ಭೂತಗನ್ನಡಿ) ಹಿಡಿದು ಓದಿದೆ. ಇದನ್ನು ನೀವೂ ಬಿಡಬೇಡಿ.

ಮೊದಲನೆಯದು 1.01 ಕ್ಯಾರಟ್. ಎಫ್ ಬಣ್ಣ (ಡಿ ಎಲ್ಲಕ್ಕಿಂತ ಬಿಳುಪು, ಮುಂದಿನ ಅಕ್ಷರಗಳಿಗೆ ಹೋದಂತೆ ಹಳದಿ ಛಾಯೆ), ವಿಎಸ್1 (ಇದು ಸ್ವಚ್ಛತೆಯ ದರ್ಜೆ, ವಿವಿಎಸ್ ಇದಕ್ಕಿಂತ ಮೇಲೆ, ವಿಎಸ್2 ಕೆಳಗೆ). ಪಾಲಿಶ್, ಸಿಮೆಟ್ರಿ ಎರಡೂ ಎಕ್ಸಲೆಂಟ್. ಅಳತೆ 7.30, 5.40, ಆಳ 3.85 ಮಿಲಿಮೀಟರ್. ಎರಡನೆಯದು 0.92 ಕ್ಯಾರಟ್, ಡಿ ಬಣ್ಣ, ವಿವಿಎಸ್2. ಉದ್ದ 8.05, ಅಗಲ 5.40, ಆಳ 3.25. ಮೂರನೆಯದು 0.90 ಕ್ಯಾರಟ್, ಜಿ ಬಣ್ಣ, ವಿಎಸ್2, ಸಿಮೆಟ್ರಿ ವೆರಿ ಗುಡ್. ಉದ್ದ 7.60, ಅಗಲ 5.50, ಆಳ 3.40. ಕಾಗದ ಮಾತ್ರ ನೋಡಿದರೆ ಮೂರನೆಯದಕ್ಕೆ ಕೊನೆಯ ಸ್ಥಾನ. ಯಜಮಾನರು ಅದನ್ನು ಟ್ರೇಯ ಮೂಲೆಯಲ್ಲಿಟ್ಟಿದ್ದರು.

ಒಂದು ಕ್ಯಾರಟ್ ದಾಟಿದ ಕಲ್ಲು ನೋಡಿ ಅಕ್ಕನ ಮುಖ ಅರಳಿತು. "ಪೂರ್ತಿ ಒಂದು ಕ್ಯಾರಟ್ಟೇ ಇರಲಿ ಕಣೋ, ಕೇಳಿದವರಿಗೆ ಹೇಳೋಕೆ ಚೆನ್ನಾಗಿರುತ್ತೆ." ನಾನು ಅವಳ ಮುಂದೆ ಒಂದನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟೆ. ಯಾವುದು ದೊಡ್ಡದು ಹೇಳು ಅಂದೆ. ತಡವಿಲ್ಲದೆ 90 ಸೆಂಟಿನದನ್ನು ತೋರಿಸಿದಳು. ಉದ್ದ, ಅಗಲ ಎರಡರಲ್ಲೂ ಅದೇ ದೊಡ್ಡದು. ಹಾಗಾದರೆ 11 ಸೆಂಟ್ ತೂಕ ಎಲ್ಲಿ ಹೋಯಿತು? ಹೊಟ್ಟೆಗೆ ಹೋಯಿತು. ಮೊದಲ ಕಲ್ಲಿನ ಆಳ ಅಗಲದ 71 ಪರ್ಸೆಂಟ್. ರಿಪೋರ್ಟಿನಲ್ಲಿ ಗರ್ಡಲ್, ಅಂದರೆ ಸೊಂಟದ ಪಟ್ಟಿ, ವೆರಿ ಥಿಕ್ ಅಂತ ಬರೆದಿತ್ತು. ತೂಕವೆಲ್ಲ ಕೆಳಗೆ ಮತ್ತು ಸೊಂಟದಲ್ಲಿ ಕೂತಿದೆ. ನಾವು ದುಡ್ಡು ಕೊಡುವುದು ತೂಕಕ್ಕೆ, ಕಣ್ಣಿಗೆ ಕಾಣುವುದು ಮೇಲಿನ ಅಗಲ. ಮೇಲಾಗಿ ಒಂದು ಕ್ಯಾರಟ್ ದಾಟಿದ ಕೂಡಲೇ ಕ್ಯಾರಟ್ಟಿನ ದರವೇ ಏರುತ್ತದೆ. ಕಟ್ ಮಾಡುವವನು 0.95ಕ್ಕೆ ನಿಲ್ಲಿಸದೆ 1.01ಕ್ಕೆ ಎಳೆದದ್ದು ಅದಕ್ಕೇ.

ಸ್ಕೋಪಿನಲ್ಲಿ ಮೊದಲ ಕಲ್ಲು ಇನ್ನೂ ನಿರಾಸೆ ಮಾಡಿತು. ಅಂಚಿನಲ್ಲಿ ಕೆಂಪು ಇತ್ತು, ಸರಿ. ಟೇಬಲ್, ಅಂದರೆ ಕಲ್ಲಿನ ಮೇಲಿನ ದೊಡ್ಡ ಚಪ್ಪಟೆ ಮುಖ, ಅದರ ಕೆಳಗೆ, ಮಧ್ಯಭಾಗದ ಸುತ್ತ, ಉಂಗುರದ ಹಾಗೆ ಬಿಳಿ ಕಲೆಗಳು. ವಜ್ರದಲ್ಲಿ ಒಳಗಿನ ಗೋಡೆಗೆ ಬೆಳಕು ಬಡಿಯುವ ಓರೆ 24 ಡಿಗ್ರಿ ಚಿಲ್ಲರೆಗಿಂತ ಜಾಸ್ತಿ ಇದ್ದರೆ ಅದು ಕನ್ನಡಿಗೆ ಬಡಿದಂತೆ ಹಿಂತಿರುಗುತ್ತದೆ, ಕಡಿಮೆಯಿದ್ದರೆ ಗೋಡೆ ದಾಟಿ ಹೊರಗೆ. ತಳ ಅತಿ ಕಡಿದಾದಾಗ ಒಂದು ಗೋಡೆಯಿಂದ ತಿರುಗಿದ ಬೆಳಕು ಎದುರು ಗೋಡೆಯಲ್ಲಿ ಸೋರಿಬಿಡುತ್ತದೆ. ಪುಟ್ಟಿ ಕಲ್ಲನ್ನು ಎರಡು ಬೆರಳ ಸಂದಿಯಲ್ಲಿಟ್ಟುಕೊಂಡು ನೋಡಿದಳು. "ಮಾಮ, ಮಧ್ಯೆ ಬೂದಿ ಬಣ್ಣ ಇದ್ಯಲ್ಲ?" ಅದೇ ಅದು. ಮಾಲಿನ ದೀಪದ ಕೆಳಗೆ ಇದು ಗೊತ್ತಾಗುತ್ತಿರಲಿಲ್ಲ.

ಇನ್ನು ಎರಡನೆಯದು, ಡಿ ಬಣ್ಣದ ರಾಣಿ. ಯಜಮಾನರ ಮನಸ್ಸು ಇದರ ಮೇಲೇ ಇತ್ತು. ಬಣ್ಣದಲ್ಲಿ ಡಿಗಿಂತ ಮೇಲೆ ಇನ್ನೊಂದಿಲ್ಲ, ಸ್ವಚ್ಛತೆಯಲ್ಲೂ ಮೇಲಿನ ಸಾಲು. ಉದ್ದ ಅಗಲದ ಒಂದೂವರೆ ಪಟ್ಟು, ಬೆರಳ ಮೇಲೆ ನೀಳವಾಗಿ ಚೆಂದ ಕೂರುತ್ತದೆ. ಆಳವೂ 60 ಪರ್ಸೆಂಟ್, ಲಕ್ಷಣವಾದ ಸಂಖ್ಯೆ. ಆದರೆ ನಡುವೆ, ಎರಡೂ ಪಕ್ಕದಿಂದ ಮಧ್ಯಕ್ಕೆ ಕಿರಿದಾಗುತ್ತಾ ಬಂದ ಕಪ್ಪು. ಬೋ ಟೈ. ಸ್ಕೋಪಿನಲ್ಲಿ ಅಷ್ಟೂ ಜಾಗ ಕಡುನೀಲಿ.

ಈ ಬೋ ಟೈ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳಬೇಕು, ಯಾಕೆಂದರೆ ಅಂಗಡಿಗಳಲ್ಲಿ ಇದರ ಬಗ್ಗೆ ಎರಡು ಥರದ ಮಾತು ಕೇಳುತ್ತೀರಿ. ಒಬ್ಬರು "ನಮ್ಮ ಕಲ್ಲಿನಲ್ಲಿ ಬೋ ಟೈ ಇಲ್ವೇ ಇಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಓವಲ್ ಅಂದ್ಮೇಲೆ ಇದ್ದೇ ಇರುತ್ತೆ ಬಿಡಿ" ಅನ್ನುತ್ತಾರೆ. ಎರಡೂ ಅರ್ಧ ಸತ್ಯ. ವಜ್ರದ ಒಂದೊಂದು ಮುಖವೂ ಕನ್ನಡಿ. ಕೆಲವು ಕನ್ನಡಿಗಳು ಚಾವಣಿ ತೋರಿಸುತ್ತವೆ, ಕೆಲವು ಗೋಡೆ ತೋರಿಸುತ್ತವೆ, ಕೆಲವು ನಿಮ್ಮ ತಲೆಯನ್ನೇ ನಿಮಗೆ ತೋರಿಸುತ್ತವೆ. ತಲೆ ಕಪ್ಪು, ಹಾಗಾಗಿ ಆ ಮುಖವೂ ಕಪ್ಪು. ರೌಂಡ್ ಕಲ್ಲಿನಲ್ಲೂ ಇದು ಇದೆ. ಆದರೆ ಅಲ್ಲಿ ಎಂಟು ಬಾಣದ ಹಾಗೆ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ, ಅದೇ ಚೆಂದವಾಗಿ ಕಾಣುತ್ತದೆ. ಓವಲ್‌ನಲ್ಲಿ ತಲೆ ತೋರಿಸುವ ಮುಖಗಳೆಲ್ಲ ಅಗಲದ ಎರಡು ಪಕ್ಕದಲ್ಲಿ ಗುಂಪುಗೂಡುತ್ತವೆ.

ಹಾಗಾಗಿ ಸ್ವಲ್ಪ ಕಪ್ಪು ಇರಬೇಕು. ಕಪ್ಪೇ ಇಲ್ಲದಿದ್ದರೆ ಕಲ್ಲು ಸಪ್ಪೆ. ನನ್ನ ಕಸುಬಿನಲ್ಲಿ ಕಾಂಟ್ರಾಸ್ಟ್ ಅನ್ನುವುದು ಇದನ್ನೇ. ನೋಡಬೇಕಾದದ್ದು ಅದು ಕದಲುತ್ತದೋ ಇಲ್ಲವೋ ಅಂತ. ಕಲ್ಲನ್ನು ಮುಖಕ್ಕೆ ಹತ್ತಿರ ತರಬೇಡಿ. ಹತ್ತಿರ ತಂದಷ್ಟೂ ತಲೆ ಜಾಸ್ತಿ ಬೆಳಕು ಮುಚ್ಚುತ್ತದೆ, ಒಳ್ಳೆಯ ಕಲ್ಲೂ ಕಪ್ಪಾಗುತ್ತದೆ. ಉಂಗುರ ಹಾಕಿಕೊಂಡು ಸಹಜವಾಗಿ ನೋಡುವಷ್ಟು ದೂರ ಹಿಡಿಯಿರಿ. ಆಮೇಲೆ ನಿಧಾನಕ್ಕೆ ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ ವಾಲಿಸಿ. ಒಳ್ಳೆಯ ಓವಲ್‌ನಲ್ಲಿ ಕಪ್ಪಿದ್ದ ಚೂರು ಥಟ್ಟನೆ ಬೆಳ್ಳಗಾಗುತ್ತದೆ, ಪಕ್ಕದ ಚೂರು ಕಪ್ಪಾಗುತ್ತದೆ, ಮತ್ತೆ ತಿರುಗುತ್ತದೆ. ಎರಡನೆಯ ಕಲ್ಲಿನಲ್ಲಿ ಎಷ್ಟು ವಾಲಿಸಿದರೂ ಆ ಟೈ ಕದಲಲಿಲ್ಲ. ಎರಡು ತುದಿಗಳು ಫಳಫಳ, ನಡುವೆ ಕತ್ತಲೆ. ದೂರದಿಂದ ನೋಡಿದರೆ ಒಂದು ಉದ್ದ ಕಲ್ಲಿನ ಬದಲು ಎರಡು ಚಿಕ್ಕ ಕಲ್ಲು ಕಂಡಂತಾಗುತ್ತಿತ್ತು.

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಒಂದು ಮಾತು. ಫೋಟೊದಲ್ಲಿ ಬೋ ಟೈ ನೋಡಿ ನಿರ್ಧಾರ ಮಾಡಬೇಡಿ. ಕಲ್ಲಿನ ಎದುರು ಲೆನ್ಸು ಹತ್ತಿರ ಇದ್ದರೆ ಅದರ ಕಪ್ಪು ಬಾಯಿಯೇ ಕಲ್ಲಿನಲ್ಲಿ ಕಾಣುತ್ತದೆ, ಒಳ್ಳೆಯ ಕಲ್ಲಿಗೂ ಟೈ ಬರುತ್ತದೆ. ಅದೇ ನಾನು ಒಂದು ಬಿಳಿ ರಟ್ಟಿಗೆ ಲೆನ್ಸಿನಷ್ಟು ತೂತು ಕೊರೆದು ಮುಂದೆ ಹಿಡಿದರೆ ಎಂಥ ಕೆಟ್ಟ ಟೈಯನ್ನೂ ಮುಕ್ಕಾಲು ಮಾಯ ಮಾಡಬಲ್ಲೆ. ಮದುವೆ ಆಲ್ಬಮ್ಮಿಗೆ ಅದನ್ನೇ ಮಾಡುವುದು. ಮಾರುವವರಿಗೂ ಈ ಉಪಾಯ ಗೊತ್ತು. ವಿಡಿಯೊ ಇದ್ದರೆ ಸ್ವಲ್ಪ ವಾಸಿ, ಅದೂ ಕಲ್ಲು ವಾಲುವ ವಿಡಿಯೊ. ಸುಮ್ನೆ ಗಿರಗಿರ ತಿರುಗಿಸುವುದಲ್ಲ.

ಮೂರನೆಯ ಕಲ್ಲಿಗೆ ಬರೋಣ. ಸ್ಕೋಪಿನಲ್ಲಿ ಬಹುಪಾಲು ಕೆಂಪು. ನಡುವೆ ನೀಲಿ ಇತ್ತು, ಆದರೆ ಒಂದೇ ದಪ್ಪ ಪಟ್ಟೆಯಾಗಿ ಅಲ್ಲ. ಚಿಕ್ಕ ಚಿಕ್ಕ ಚೂರುಗಳಾಗಿ, ಮಧ್ಯೆ ಕೆಂಪು ನುಗ್ಗಿಕೊಂಡು. ಎರಡು ತುದಿಗಳಲ್ಲಿ ಹಸಿರು. ಬಿಳಿ ಅಂದರೆ ಒಂದೆರಡು ಚುಕ್ಕೆ, ಅಷ್ಟೇ. ಆಳ ಸುಮಾರು 62 ಪರ್ಸೆಂಟ್. ಎರಡನೆಯದಕ್ಕೂ ಇದಕ್ಕೂ ಆಳದ ಲೆಕ್ಕದಲ್ಲಿ ಎರಡೇ ಪರ್ಸೆಂಟ್ ವ್ಯತ್ಯಾಸ, ಕಣ್ಣಿಗೆ ಮಾತ್ರ ಅಜಗಜಾಂತರ. ಓವಲ್‌ಗೆ ಆಳ ಇಷ್ಟಿರಲಿ, ಟೇಬಲ್ ಇಷ್ಟಿರಲಿ ಅಂತ ಪಟ್ಟಿಗಳು ಓಡಾಡುತ್ತವಲ್ಲ, ಅವು ತೀರಾ ಕೆಟ್ಟದ್ದನ್ನು ಪಕ್ಕಕ್ಕಿಡಲು ಸಾಕು. ಒಳ್ಳೆಯದನ್ನು ಆರಿಸಲು ಸಾಲದು.

ದೀಪದ ಕೆಳಗಿನ ಪರೀಕ್ಷೆ ಮುಗಿಸಿ, ಬಾಗಿಲ ಹತ್ತಿರ ನೋಡಬಹುದಾ ಅಂತ ಕೇಳಿದೆ. ಯಜಮಾನರು ಒಪ್ಪಿದರು. ಸೆಕ್ಯುರಿಟಿಯವರು ಜೊತೆಗೆ ಬಂದು ನಿಂತರು, ಅದು ಅವರ ಕೆಲಸ. ಜಗಲಿಯ ನೆರಳಿನಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ನೋಡಬೇಕು. ಬಿಸಿಲಿನಲ್ಲಿ ಇಟ್ಟರೆ ವಜ್ರ ಕಪ್ಪಾಗಿ, ಬಣ್ಣದ ಕಿಡಿ ಮಾತ್ರ ಕಾಣುತ್ತದೆ. ಕಿಡಿ ಬೇರೆ, ಬೆಳ್ಳಗಿನ ಹೊಳಪು ಬೇರೆ. ಆಫೀಸಿನಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಪುಟ್ಟಿಯ ಕೈ ಇರುವುದು ನೆರಳಿನ ಹರಡಿದ ಬೆಳಕಿನಲ್ಲಿ. ಅಲ್ಲಿ ಮೊದಲ ಕಲ್ಲು ಗಾಜಾಯಿತು. ಎರಡನೆಯದರ ಟೈ ಇನ್ನೂ ದಪ್ಪವಾಯಿತು. ಮೂರನೆಯದು ಅಂಚಿನಿಂದ ಅಂಚಿಗೆ ಬೆಳ್ಳಗಿತ್ತು. ಪುಟ್ಟಿ ಅದನ್ನು ಕೆಳಗಿಡಲೇ ಇಲ್ಲ.

ಅಡ್ಡಿ ಬಂದದ್ದು ಅಕ್ಕನಿಂದ. ವಿಎಸ್2 ಅಂದರೆ ಒಳಗೆ ಏನೋ ಇದೆ ಅಂತಾಯಿತಲ್ಲ. ವಜ್ರದಲ್ಲಿ ಕಪ್ಪು ಚುಕ್ಕೆ ಇದ್ದರೆ ಮನೆಗೆ ಆಗಿಬರುವುದಿಲ್ಲ ಅನ್ನುವ ಭಯ ನಮ್ಮ ಕಡೆ ಹಳೆಯದು. ಕಾಕಪಾದ ಅಂತ ಅದಕ್ಕೊಂದು ಹೆಸರೂ ಇದೆ. "ದೋಷ ಇರೋ ಕಲ್ಲನ್ನ ನಿಶ್ಚಿತಾರ್ಥಕ್ಕೆ ಹಾಕ್ತೀಯಾ?" ಅಂದಳು. ವಾದ ಮಾಡಿ ಪ್ರಯೋಜನವಿಲ್ಲ, ಅವಳು ನನಗಿಂತ ದೊಡ್ಡವಳು. ಲೂಪ್ ಅವಳ ಕೈಗೇ ಕೊಟ್ಟೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲೂ ಅವಳಿಗೆ ಅದು ಬೇಗ ಸಿಗಲಿಲ್ಲ. ರಿಪೋರ್ಟಿನ ಚಿತ್ರದಲ್ಲಿ ಗುರುತು ಎಲ್ಲಿದೆ ನೋಡಿಕೊಂಡು ಹುಡುಕಿದ ಮೇಲೆ ಸಿಕ್ಕಿತು. ಬಿಳಿ ಗರಿಯಂಥ ಎಳೆ, ಟೇಬಲಿನ ಅಂಚಿಗೆ. ಕಪ್ಪಲ್ಲ. "ಬಿಳೀದಾ? ಹಾಗಾದ್ರೆ ಪರವಾಗಿಲ್ಲ" ಅಂದಳು. ಬರಿಗಣ್ಣಿಗೆ ಕಾಣದ ಎಳೆಗೆ ಹೆದರಿ, ಬೀದಿಯ ಆಚೆಯಿಂದಲೂ ಕಾಣುವ ಟೈ ಇರುವ ಕಲ್ಲಿಗೆ ಜಾಸ್ತಿ ದುಡ್ಡು ಕೊಡುವ ಅಪಾಯ ಹಾಗೆ ತಪ್ಪಿತು.

ಆಮೇಲೆ ಅಕ್ಕ ತನ್ನದೇ ಒಂದು ಪರೀಕ್ಷೆ ಮಾಡಿದಳು. ಕಲ್ಲನ್ನು ಬಿಸಿಲಿಗೆ ಹಿಡಿದು ನೀಲಿ ಹೊಡೆಯುತ್ತದಾ ನೋಡಿದಳು. ಅಮ್ಮನ ಏಳು ಕಲ್ಲಿನ ಬೆಂಡೋಲೆ ಬ್ಲೂ ಜಾಗರ್ ಅಂತ ನಮ್ಮ ಮನೆಯಲ್ಲಿ ದೊಡ್ಡ ಹೆಮ್ಮೆ. ಜಾಗರ್ ಅನ್ನುವುದು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯ ಹೆಸರಿನಿಂದ ಬಂದದ್ದು. ಆ ನೀಲಿ, ಬಿಸಿಲಿನ ನೇರಳಾತೀತ ಕಿರಣಕ್ಕೆ ಕಲ್ಲು ಕೊಡುವ ಹೊಳಪು, ಫ್ಲೋರೆಸೆನ್ಸ್. ಈಗಿನ ರಿಪೋರ್ಟಿನಲ್ಲಿ ಅದಕ್ಕೊಂದು ಸಾಲಿದೆ. ನಮ್ಮ ಕಲ್ಲಿಗೆ ನನ್, ಅಂದರೆ ಇಲ್ಲ, ಅಂತ ಬರೆದಿತ್ತು. ಅಕ್ಕನಿಗೆ ಸ್ವಲ್ಪ ಬೇಜಾರಾಯಿತು. ಕಟ್‌ಗೂ ಅದಕ್ಕೂ ಸಂಬಂಧವಿಲ್ಲ ಅಂದೆ. ಕೇಳಿಸಿಕೊಂಡಳೋ ಇಲ್ಲವೋ.

ಜಿ ಬಣ್ಣದ ಬಗ್ಗೆ ಒಂದು ಸಾಲು. ಓವಲ್, ಪೇರ್, ಮಾರ್ಕೀಸ್ ಕಲ್ಲುಗಳಲ್ಲಿ ಹಳದಿ ಛಾಯೆ ಇದ್ದರೆ ತುದಿಗಳಲ್ಲಿ ಜಮೆಯಾಗಿ ಕಾಣುತ್ತದೆ. ಜಿವರೆಗೆ ಚಿಂತೆಯಿಲ್ಲ, ನಾವು ಕೂರಿಸುತ್ತಿದ್ದದ್ದೂ ಹಳದಿ ಚಿನ್ನಕ್ಕೆ. ಬಿಳಿ ಚಿನ್ನ ಅಥವಾ ಪ್ಲಾಟಿನಂ ಆದರೆ ತುದಿಗಳನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಪೇರ್ ಕೊಳ್ಳುವವರು ಚೂಪು ತುದಿ ಮಧ್ಯದ ಗೆರೆಗೆ ಸರಿಯಾಗಿ ಇದೆಯಾ, ಎರಡು ಹೆಗಲೂ ಒಂದೇ ಥರ ಇವೆಯಾ ನೋಡಬೇಕು. ಎಮರಾಲ್ಡ್ ಕಟ್ಟಿನ ಕಥೆಯೇ ಬೇರೆ. ಅದರಲ್ಲಿ ಉದ್ದುದ್ದ ಮೆಟ್ಟಿಲು, ಕಿಡಿ ಕಡಿಮೆ. ತಳ ತೆಳುವಾಗಿದ್ದರೆ ನಡುವೆ ಕಿಟಕಿ ತೆರೆದು ಕೆಳಗಿನ ಬೆರಳೇ ಕಾಣುತ್ತದೆ. ಕುಶನ್‌ನಲ್ಲಿ ಮಂಜುಗಡ್ಡೆ ಪುಡಿ ಮಾಡಿದಂತೆ ಕಾಣುವುದೊಂದು ಜಾತಿ, ದೊಡ್ಡ ದೊಡ್ಡ ಮುಖಗಳದ್ದು ಇನ್ನೊಂದು ಜಾತಿ. ನನಗೆ ಎರಡನೆಯದು ಇಷ್ಟ, ಪುಟ್ಟಿಗೆ ಮೊದಲನೆಯದು. ಇದರಲ್ಲಿ ಸರಿ ತಪ್ಪಿಲ್ಲ. ಲ್ಯಾಬಿನಲ್ಲಿ ಬೆಳೆಸಿದ ಕಲ್ಲಿಗೂ ಇದೆಲ್ಲ ಹಾಗೇ ಅನ್ವಯ. ಅದೂ ವಜ್ರವೇ, ಬೆಳಕು ಬಗ್ಗುವುದೂ ಅಷ್ಟೇ, ಸೋರುವುದೂ ಅಷ್ಟೇ. ಅದು ಅಗ್ಗ ಸಿಗುವುದರಿಂದ ಕೆಟ್ಟ ಕಟ್ ಸಹಿಸಿಕೊಳ್ಳುವ ಕಾರಣವೇ ಇಲ್ಲ.

ಕಟ್‌ಗಿಂತ ತೂಕ ದೊಡ್ಡದು ಅನ್ನುವವರಿಗೆ ನಾನು ಕೊಹಿನೂರ್ ಕಥೆ ಹೇಳುತ್ತೇನೆ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದರು. ಆಗ 186 ಕ್ಯಾರಟ್. ಜನ ಮುಗಿಬಿದ್ದು ಬಂದು, ಇದೇನಾ ಅಂತ ಸಪ್ಪೆ ಮುಖ ಹಾಕಿಕೊಂಡು ಹೋದರು. ಕಲ್ಲು ಮಂಕು. ಸುತ್ತ ಗ್ಯಾಸ್ ದೀಪ ಹಚ್ಚಿದರು, ಕನ್ನಡಿ ಇಟ್ಟರು. ಮಾಲಿನ ಎಲ್‌ಇಡಿ ಸಾಲಿನ ಪೂರ್ವಜರು ಅವೇ ಇರಬೇಕು. ಕೊನೆಗೆ 1852ರಲ್ಲಿ ಮತ್ತೆ ಸಾಣೆ ಹಿಡಿಸಿದರು. 105.6 ಕ್ಯಾರಟ್ಟಿಗೆ ಇಳಿಯಿತು. ಆಕಾರ ಏನು ಗೊತ್ತಲ್ವಾ? ಓವಲ್.

ಈಗ ಉಂಗುರದ ಬಗ್ಗೆ. 18 ಕ್ಯಾರಟ್ ಚಿನ್ನ, ಹಾಲ್‌ಮಾರ್ಕ್ ಇದೆ. ಕಲ್ಲಿಗೆ ನಾಲ್ಕು ಪ್ರಾಂಗ್, ಅಂದರೆ ಹಿಡಿದಿಡುವ ಕೊಕ್ಕೆ. ಕೆಲಸ ಅಚ್ಚುಕಟ್ಟು, ಕಲ್ಲು ನೇರ ಕೂತಿದೆ, ಪ್ರಾಂಗಿನ ತುದಿ ಸೀರೆಗೆ ಸಿಕ್ಕುವುದಿಲ್ಲ. ಅರ್ಧ ಅಂಕ ನಾನು ಕಲ್ಲಿಗೆ ಕಡಿಮೆ ಕೊಟ್ಟದ್ದು ಎರಡು ತುದಿಗಳ ಹಸಿರಿಗೆ. ಸಂಜೆಯ ಮಬ್ಬು ಬೆಳಕಿನಲ್ಲಿ ಆ ಜಾಗ ನಡುಭಾಗಕ್ಕಿಂತ ಸ್ವಲ್ಪ ಮಂಕು. ಹುಡುಕಿದರೆ ಮಾತ್ರ ಗೊತ್ತಾಗುತ್ತದೆ. ನಾನು ಹುಡುಕುತ್ತೇನೆ.

ಅಂಗಡಿಯ ಮೇಲೆ ಒಂದು ದೂರಿದೆ. ಕಲ್ಲಿನ ಕೆಳಗೆ ತೆರೆದಿರಲಿ ಅಂತ ಹೇಳಿದ್ದೆವು. ಅವರ ಕೆಲಸಗಾರ ಅಭ್ಯಾಸಬಲದಿಂದ ಜಾಲರಿ ಡಿಸೈನ್ ಹಾಕಿ ಅರ್ಧ ಮುಚ್ಚಿದ್ದ. ನೋಡಲು ಚೆಂದವೇ. ಆದರೆ ವಜ್ರಕ್ಕೆ ಜಿಡ್ಡು ಅಂದರೆ ಪ್ರೀತಿ, ಎಣ್ಣೆ ಮೆತ್ತಿಕೊಂಡರೆ ಬಿಡುವುದಿಲ್ಲ. ಹಿಂದೆ ಕಿಂಬರ್ಲಿ ಗಣಿಯಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಪುಡಿಗಲ್ಲನ್ನು ನೀರಿನ ಜೊತೆ ಹರಿಸಿ ವಜ್ರ ಹಿಡಿಯುತ್ತಿದ್ದದ್ದೂ ಇದೇ ಗುಣ ನಂಬಿಕೊಂಡು. ಕಲ್ಲಿನ ತಳಕ್ಕೆ ಜಿಡ್ಡು ಹಿಡಿದರೆ ಅಲ್ಲಿಂದ ಬೆಳಕು ಸೋರಲು ಶುರು, ಎಷ್ಟೇ ಒಳ್ಳೆಯ ಕಟ್ ಇದ್ದರೂ. ಒಗ್ಗರಣೆ, ಕೊಬ್ಬರಿ ಎಣ್ಣೆ, ಹ್ಯಾಂಡ್ ಕ್ರೀಮ್, ಅರಿಶಿನ ಎಲ್ಲ ಸೇರಿ ಕೆಲವೇ ವಾರದಲ್ಲಿ ಪುಟ್ಟಿಯ ಉಂಗುರ ಮಂಕಾಗಿತ್ತು. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ನೆನೆಸಿ, ಮೆತ್ತನೆ ಬ್ರಷ್ಷಿನಲ್ಲಿ ತಳದಿಂದ ಉಜ್ಜಿದ ಮೇಲೆ ಮೊದಲಿನಂತಾಯಿತು. ಜಾಲರಿಯ ಸಂದಿಗೆ ಬ್ರಷ್ ಸರಿಯಾಗಿ ಹೋಗುವುದಿಲ್ಲ, ಅದೇ ಕಿರಿಕಿರಿ. ಜಾಲರಿ ತೆಗೆಸಿಕೊಡಿ ಅಂದರೆ ಕೊಡುತ್ತೇವೆ ಅಂದಿದ್ದಾರೆ, ಮೇಕಿಂಗ್ ಚಾರ್ಜ್ ಇಲ್ಲದೆ. ಮದುವೆ ಸೀಸನ್ ಮುಗಿಯಲಿ ಸಾರ್ ಅಂತಾರೆ.

ಸ್ಕೋಪಿನ ಕೊರತೆಗಳನ್ನೂ ಹೇಳಬೇಕು. ಅದು ಸಂಖ್ಯೆ ಕೊಡುವುದಿಲ್ಲ. ಕೆಂಪು ಎಷ್ಟಿದ್ದರೆ ಸಾಕು ಅನ್ನುವುದನ್ನು ಹತ್ತಾರು ಕಲ್ಲು ನೋಡಿಯೇ ತಿಳಿಯಬೇಕು. ಕಲ್ಲು ಚೂರು ವಾಲಿದರೂ ಚಿತ್ರ ಬದಲಾಗುತ್ತದೆ, ಹಾಗಾಗಿ ಕೈ ನಿಲ್ಲಬೇಕು. ಬಣ್ಣದ ಕಿಡಿಯ ಬಗ್ಗೆ, ಅಲ್ಲಾಡಿಸಿದಾಗಿನ ಮಿಂಚಿನ ಬಗ್ಗೆ ಅದು ಏನೂ ಹೇಳದು. ಅದಕ್ಕೆ ಕಣ್ಣು ಮತ್ತು ನೆರಳೇ ಗತಿ. ಜಾಸ್ತಿ ಕೆಂಪಿರುವ ಕಲ್ಲೆಲ್ಲ ಚೆಂದ ಅಂತಲೂ ಅಲ್ಲ. ನೀಲಿ ಪೂರ್ತಿ ಇಲ್ಲದ ಒಂದು ಓವಲ್ ನೋಡಿದ್ದೇನೆ, ಬರೀ ಬೆಳ್ಳಗೆ, ಜೀವವೇ ಇಲ್ಲ. ಒಂದೇ ಕಲ್ಲು ಕೊಳ್ಳುವವರು ಸ್ಕೋಪಿಗೆ ದುಡ್ಡು ಹಾಕುವ ಅಗತ್ಯವಿಲ್ಲ. ಮೂರು ನಾಲ್ಕು ಕಲ್ಲು ಪಕ್ಕಪಕ್ಕ ಇಡಿಸಿ, ದೀಪದಿಂದ ಆಚೆ ತಂದು, ವಾಲಿಸಿ ನೋಡಿದರೆ ಮುಕ್ಕಾಲು ಕೆಲಸ ಆಗುತ್ತದೆ. ಇದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಬೆಲೆ ಬಗ್ಗೆ ಕೇಳುವವರಿಗೆ: ನಮ್ಮ ಟ್ರೇಯಲ್ಲಿ ಅತಿ ಕಡಿಮೆ ಬೆಲೆಯ ಕಲ್ಲು ಇದೇ ಆಗಿತ್ತು. ಬಿಲ್ಲಿನ ಮೇಲೆ 3 ಪರ್ಸೆಂಟ್ ಜಿಎಸ್‌ಟಿ. ವಾಪಸ್ ಕೊಟ್ಟರೆ ಚಿನ್ನಕ್ಕೆ ಆ ದಿನದ ದರ, ಕಲ್ಲಿಗೆ ಕಡಿತ ಇದೆ. ಎಷ್ಟು ಕಡಿತ ಅನ್ನುವುದನ್ನು ಯಜಮಾನರು ಬಾಯಲ್ಲಿ ಹೇಳಿದರು, ನಾನು ಬಿಲ್ಲಿನ ಹಿಂದೆ ಬರೆಸಿ ಸೀಲ್ ಹಾಕಿಸಿಕೊಂಡೆ. ಸ್ವಲ್ಪ ಗೊಣಗಿದರು, ಆದರೆ ಹಾಕಿಕೊಟ್ಟರು.